ಕ್ರಿಸ್‌ಮಸ್ ಗೀತೆ ಮತ್ತು ಕನ್ನಡದ ಮಾತ್ರೆ

ಡಿಸೆಂಬರ್ ತಿಂಗಳಲ್ಲಿ ಕಾಲೇಜಿನ ಗಾಯಕವೃಂದಗಳು ನಡೆಸುವ ಕ್ರಿಸ್‌ಮಸ್ ಗೀತಗಾಯನವು ಛಂದಸ್ಸಿನ ವಿದ್ಯಾರ್ಥಿಗೆ ಒಳ್ಳೆಯ ಪಾಠವೂ ಹೌದು. ಅಲ್ಲಿ ಕೇಳಿಬರುವ ಹಲವು ಗೀತೆಗಳು ಯೂರೋಪಿನವು. 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್‌ನಲ್ಲಿ ಮೊದಲು ಹಾಡಲಾದ ‘ಸೈಲೆಂಟ್ ನೈಟ್’ ಮೂಲತಃ ಜರ್ಮನ್ ಗೀತೆ. ಜರ್ಮನ್, ಇಂಗ್ಲಿಷ್ ಪದ್ಯಗಳ ಲಯವು ನಿಂತಿರುವುದು ಅಕ್ಷರಗಳ ಒತ್ತಿನ ಮೇಲೆ. ಕನ್ನಡದ್ದು ಲಘು-ಗುರುಗಳ ಕಾಲಪ್ರಮಾಣದ ಮೇಲೆ. ಆದುದರಿಂದ ಮಟ್ಟು ನೀಳವಾಗಿ ನಿಲ್ಲುವೆಡೆ ಲಘು ಬಿದ್ದರೆ ‘ಬಲ’ವು ‘ಬಾಲ’ವಾಗಿ, ‘ಮರಿ’ಯು ‘ಮಾರಿ’ಯಾಗಿ ಕೇಳಿಸುತ್ತದೆ. ತಮಿಳು, ತೆಲುಗು, ಕನ್ನಡಗಳು ಕೂಡಿ ಬಾಳುವ ಬೇರಿಕೆ, ಹೊಸೂರು ಸೀಮೆಯವರಿಗೆ ಈ ಸೂಕ್ಷ್ಮ ಹೊಸತಲ್ಲ. ಹ್ರಸ್ವ-ದೀರ್ಘಗಳಿಂದ ಅರ್ಥ ಬೇರೆಯಾಗುವುದು ಈ ಮೂರು ನುಡಿಗಳಿಗೂ ಸಮಾನ.

ಫರ್ಡಿನೆಂಡ್ ಕಿಟ್ಟೆಲ್ ಬೇರೊಂದು ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿಯೇ ನಿರೂಪಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು.

ಮುಂದಿನ ಗಾಯನಕ್ಕೆ ಹೋದಾಗ ಕನ್ನಡ ಗೀತೆಯೊಂದರ ಸಾಲಿಗೆ ಪ್ರಸ್ತಾರ ಹಾಕಿ, ಗಾಯಕರು ನೀಳವಾಗಿ ಹಿಡಿದ ಅಕ್ಷರಗಳಿಗೆ ಗೆರೆಯೆಳೆದು ನೋಡಿರಿ. ಗುರುವಿಗೇ ಗೆರೆ ಬಿದ್ದಿದ್ದರೆ ಅನುವಾದಕನು ಕನ್ನಡದ ಕಿವಿಯಿಂದ ಕೇಳಿ ಬರೆದಿದ್ದಾನೆಂದು ತಿಳಿಯಬಹುದು.