ಮನೆಯ ಇಲಿಯೂ ಮೈಯ ಜ್ವರವೂ

ಸುರೇಬಾನದ ಸುತ್ತಿನ ಹಳ್ಳಿಗಳಲ್ಲಿ ಜೋಳ, ಗೋವಿನಜೋಳದ ಸುಗ್ಗಿ ಮುಗಿದೊಡನೆ ಹೊಲದ ಇಲಿಗಳು ಕಾಳಿನ ಬೆನ್ನು ಹತ್ತಿ ಬಣವೆಗೂ ಮನೆಗೂ ಬರುತ್ತವೆ. ಹಗೇವಿನಲ್ಲಿ ಕಾಳು ತುಂಬುವ ರೂಢಿ ಕಡಿಮೆಯಾಗಿ, ಚೀಲಗಳು ಈಗ ಮಲಗುವ ಪಡಸಾಲೆಯಲ್ಲೇ ನಿಂತಿವೆ. ಇಲಿ ತಿಂದ ಕಾಳಿನ ಲೆಕ್ಕ ರೈತ ಬಾಂಧವರಾದ ನಿಮಗೆ ಗೊತ್ತು. ಅದು ತರುವ ರೋಗದ ಲೆಕ್ಕವನ್ನೂ ಇಡಬೇಕು.

ಇಲಿ ಕಚ್ಚಿದರೆ ಮಾತ್ರ ರೋಗವೆಂಬುದು ತಪ್ಪು ತಿಳಿವಳಿಕೆ. ಮುಖ್ಯವಾದ ಮೂರು ಜ್ವರಗಳು ಕಚ್ಚದೆಯೇ ಬರುತ್ತವೆ.

ಇಲಿಜ್ವರ: ಇಲಿಯ ಮೂತ್ರದಲ್ಲಿರುವ ಲೆಪ್ಟೋಸ್ಪೈರಾ ರೋಗಾಣು ನಿಂತ ನೀರು, ಕೆಸರಿನಲ್ಲಿ ಬದುಕಿದ್ದು, ಬರಿಗಾಲಿನ ಗಾಯ, ಬಿರುಕುಗಳ ಮೂಲಕ ಒಳಸೇರುತ್ತದೆ. ಜ್ವರ, ಮೀನಖಂಡದ ತೀವ್ರ ನೋವು, ಕೆಂಗಣ್ಣು ಇದರ ಲಕ್ಷಣಗಳು. ತಡಮಾಡಿದರೆ ಕಾಮಾಲೆಯಾಗಿ ಮೂತ್ರಪಿಂಡ ಕೆಡಬಹುದು. 2019ರಲ್ಲಿ ಮಲಪ್ರಭೆಯ ನೆರೆ ರಾಮದುರ್ಗ ತಾಲೂಕಿಗೆ ನುಗ್ಗಿತ್ತು. ಅಂಥ ನೆರೆ ಇಳಿದ ಮೇಲಿನ ವಾರಗಳಲ್ಲಿ ಈ ಜ್ವರದ ಭಯ ಹೆಚ್ಚು.

ಸ್ಕ್ರಬ್ ಟೈಫಸ್: ಇಲಿಗಳ ಮೈಮೇಲೆ, ಪೊದೆ-ಹುಲ್ಲಿನಲ್ಲಿ ಇರುವ ಸಣ್ಣ ನುಸಿಮರಿಗಳಿಂದ ಬರುತ್ತದೆ. ಕಡಿದಲ್ಲಿ ಹಲವೊಮ್ಮೆ ಕಪ್ಪು ಹಕ್ಕಳೆ ಕಾಣುತ್ತದೆ.

ಪ್ಲೇಗು: 1898ರಲ್ಲಿ ಹುಬ್ಬಳ್ಳಿಯನ್ನು ತತ್ತರಿಸುವಂತೆ ಮಾಡಿದ ಈ ಬೇನೆಯನ್ನು ಹಿರಿಯರು ಮರೆತಿರಲಿಲ್ಲ. ಇಲಿ ಸತ್ತು ಬೀಳತೊಡಗಿದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅದರಲ್ಲಿ ಅರ್ಥವಿತ್ತು: ಇಲಿ ಸತ್ತು ತಣ್ಣಗಾದೊಡನೆ ಅದರ ಚಿಗಟಗಳು ಮನುಷ್ಯನನ್ನು ಹುಡುಕುತ್ತವೆ. ಇಂದು ಪ್ಲೇಗು ಅಪರೂಪ. ಆದರೂ 1994ರಲ್ಲಿ ಸೂರತ್ತಿನಲ್ಲಿ ಅದರ ಹಾವಳಿ ದೇಶವನ್ನೇ ನಡುಗಿಸಿತು.

ನೀವು ಮಾಡಬೇಕಾದುದು

1. ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ದೂರ, ಹಲಗೆಯ ಮೇಲೆ ಇಡಿ. ಸಾಧ್ಯವಾದರೆ ತಗಡಿನ ಕಣಜ ಬಳಸಿ. ಅರ್ಧ ಅಂಗುಲದ ಕಿಂಡಿಯನ್ನೂ ಸಿಮೆಂಟಿನಿಂದ ಮುಚ್ಚಿ.

2. ಮನೆಯೊಳಗೆ ಬೋನೇ ಲೇಸು. ಸತುವಿನ ಫಾಸ್ಫೈಡ್ ವಿಷಕ್ಕೆ ಪ್ರತಿವಿಷವಿಲ್ಲ. ಮಕ್ಕಳು, ದನಕರುಗಳಿರುವಲ್ಲಿ ಅದನ್ನು ಇಡಬಾರದು.

3. ಇಲಿಯ ಗರ್ಭಾವಧಿ ಸುಮಾರು 22 ದಿನ ಮಾತ್ರ. ಆದ್ದರಿಂದ ಒಬ್ಬರ ಮನೆಯಲ್ಲಿ ಹಿಡಿದರೆ ಸಾಲದು, ಓಣಿಯವರೆಲ್ಲ ಒಂದೇ ವಾರ ಕೈಗೂಡಿಸಿ.

4. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ, ಕೈಚೀಲ ತೊಟ್ಟು ಎತ್ತಿ ಆಳವಾಗಿ ಹೂಳಿ. ವಿಷವಿಡದೆಯೂ ಇಲಿಗಳು ಸಾಲಾಗಿ ಸತ್ತರೆ ಮುಟ್ಟದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿ ಮೊದಲು ಚಿಗಟದ ನಾಶ, ಆಮೇಲೆ ಇಲಿಯದು.

5. ನೀರು ಕಟ್ಟುವಾಗ, ಕೆಸರಿಗೆ ಇಳಿಯುವಾಗ ರಬ್ಬರ್ ಬೂಟು ಧರಿಸಿ, ಗಾಯಗಳನ್ನು ಕಟ್ಟಿಕೊಳ್ಳಿ.

ಈ ಮೂರು ಜ್ವರಗಳಿಗೂ ಔಷಧವಿದೆ, ಆದರೆ ಬೇಗ ಆರಂಭಿಸಬೇಕು. ಸಾಮಾನ್ಯ ಜ್ವರವೆಂದು ಗುಳಿಗೆ ನುಂಗಿ ಕೂರದೆ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಇಲಿ ಇದೆ, ಕೆಸರಿನಲ್ಲಿ ದುಡಿದಿದ್ದೇನೆ ಎಂದು ಅವರು ಕೇಳುವ ಮೊದಲೇ ಹೇಳಿ. ಆ ಒಂದು ಮಾತು ಜೀವ ಉಳಿಸಬಹುದು.