ಕಾಣದ ದಲ್ಲಾಳಿಯೊಡನೆ ಕಾರಿನ ವ್ಯಾಪಾರ

ಎತ್ತಿನ ಸಂತೆಯಲ್ಲಿ ಬೆಲೆ ಕುದುರುವ ಬಗೆಯನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು. ದಲ್ಲಾಳಿಯು ಟವೆಲಿನ ಮರೆಯಲ್ಲಿ ರೈತನ ಕೈ ಹಿಡಿಯುತ್ತಾನೆ. ಬೆರಳು ಬೆರಳನ್ನು ಒತ್ತಿ ನೂರು ಸಾವಿರಗಳ ಲೆಕ್ಕ ಹೇಳುತ್ತದೆ. ಬಾಯಿ ಮಾತ್ರ ಮಳೆ ಬೆಳೆಗಳ ವಿಷಯವನ್ನೇ ಆಡುತ್ತಿರುತ್ತದೆ. ಸುತ್ತ ನಿಂತ ಜನಕ್ಕೆ ಬೆಲೆ ತಿಳಿಯದು. ಆದರೂ ಆ ಗುಟ್ಟಿನ ವ್ಯಾಪಾರದಲ್ಲಿ ಒಂದು ನೆಮ್ಮದಿಯುಂಟು. ಎತ್ತು ಕಣ್ಣೆದುರಿಗೇ ನಿಂತಿರುತ್ತದೆ. ಹಲ್ಲು ನೋಡಬಹುದು, ನಾಲ್ಕು ಹೆಜ್ಜೆ ನಡೆಸಬಹುದು. ದಲ್ಲಾಳಿಯ ಊರು ಯಾವುದು, ಮನೆತನ ಯಾವುದು ಎಂಬುದನ್ನು ಬಲ್ಲವರು ಅಲ್ಲಿಯೇ ಹತ್ತು ಜನ ಇರುತ್ತಾರೆ. ಅಲ್ಲದೆ ಬರುವ ವಾರದ ಸಂತೆಗೂ ಅವನು ಅದೇ ಮುಖ ಹೊತ್ತು ಬರಬೇಕಲ್ಲವೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗೃಹಸ್ಥರಿಗೆ ದಲ್ಲಾಳಿಯೆಂಬುವನು ಹೊಸಬನಲ್ಲ. ತೊಗರಿಯ ಚೀಲ ಕಲಬುರಗಿಯ ಮಾರುಕಟ್ಟೆಗೆ ಹೋದರೆ ಅದು ಇಳಿಯುವುದು ಅಡತಿ ಅಂಗಡಿಯ ಮುಂದೆಯೇ. ಅಡತಿಯವನು ತನ್ನ ಕಮಿಷನ್ ಹಿಡಿಯುತ್ತಾನೆ. ಅವನಿಗೆ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಇದೆ, ಗೋಡೆಗೆ ಹಾಕಿದ ಬೋರ್ಡಿದೆ, ಬೀಗ ಹಾಕುವ ಬಾಗಿಲಿದೆ. ಆದರೆ ಈಗ ಕಾರು ಕೊಡಿಸುವೆನೆಂದು ಫೋನಿನ ಪರದೆಯಲ್ಲಿ ಬಂದು ನಿಲ್ಲುವ ದಲ್ಲಾಳಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ. ಅವರಲ್ಲಿ ಪ್ರಾಮಾಣಿಕರು ಇಲ್ಲವೆಂದಲ್ಲ; ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಪ್ರಾಮಾಣಿಕನನ್ನೂ ವಂಚಕನನ್ನೂ ಮುಖ ನೋಡಿ ಬೇರ್ಪಡಿಸುವ ಹಳೆಯ ವಿದ್ಯೆ ಇಲ್ಲಿ ನಡೆಯದು.

ಕಾರಿಗೂ ಮಧ್ಯಸ್ಥನಿಗೂ ನಮ್ಮ ದೇಶದಲ್ಲಿ ಹಳೆಯ ನಂಟು. ಹಿಂದೆ ಅಂಬಾಸಡರ್, ಫಿಯೆಟ್, ಸ್ಟಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಹೆಸರುಗಳು ರಸ್ತೆಯನ್ನು ಆಳುತ್ತಿದ್ದಾಗ ಕಾರಿನ ಹಂಚಿಕೆ ಸರ್ಕಾರದ ನಿಯಂತ್ರಣದಲ್ಲಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವರಿಂದ ಹೆಚ್ಚು ಹಣ ಎತ್ತಿ, ಸರದಿ ಬಂದವರ ಕಾರನ್ನು ಕೊಡಿಸುವುದೇ ಅಂದಿನ ಮಧ್ಯಸ್ಥನ ಜೀವನೋಪಾಯವಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮೊದಲ ಮಾರುತಿ ೮೦೦ ಕಾರ್ಖಾನೆಯಿಂದ ಹೊರಬಂದ ಮೇಲೂ ಕೆಲಕಾಲ ಇದೇ ಕಥೆ ನಡೆಯಿತು. ಇಂದು ಪರಿಸ್ಥಿತಿ ತಲೆಕೆಳಗಾಗಿದೆ. ಕಾರುಗಳು ಗಿರಾಕಿಗಾಗಿ ಕಾಯುತ್ತಿವೆ. ಅಂದಿನ ದಲ್ಲಾಳಿ ಕಾರನ್ನು ಹುಡುಕಿ ಕೊಡುತ್ತಿದ್ದ. ಇಂದಿನವನು ಗಿರಾಕಿಯನ್ನು ಹುಡುಕಿ ಷೋರೂಮಿಗೆ ಕೊಡುತ್ತಾನೆ.

ಅಂತರ್ಜಾಲದ ಮಧ್ಯಸ್ಥ ಸಂಸ್ಥೆಗಳ ಕೆಲಸದ ಒಳಗುಟ್ಟು ಇಷ್ಟೇ. ಕಾರ್‌ದೇಖೋದಂತಹ ತಾಣಗಳಲ್ಲಿ ಕಾರುಗಳ ಬೆಲೆ, ಗುಣಾವಗುಣಗಳು, ಚಿತ್ರಗಳು ಎಲ್ಲವೂ ಪುಕ್ಕಟೆ ದೊರೆಯುತ್ತವೆ. ಓದಿದವರು ತಮ್ಮ ಹೆಸರು, ಊರು, ಫೋನ್ ನಂಬರುಗಳನ್ನು ತುಂಬಿದೊಡನೆ ಆ ವಿವರ ಹತ್ತಿರದ ಷೋರೂಮುಗಳಿಗೆ ಹೋಗುತ್ತದೆ. ಗಿರಾಕಿಯ ವಿಳಾಸ ದೊರಕಿಸಿದ್ದಕ್ಕೆ ಹಣ ಕೊಡುವುದು ಮಾರುವವರ ಕಡೆಯವರು. ಅಂದರೆ ದಲ್ಲಾಳಿಗೆ ಸಂಬಳ ಕೊಡುವವರು ಯಾರೆಂಬುದನ್ನು ಕೊಳ್ಳುವವರು ನೆನಪಿನಲ್ಲಿಡಬೇಕು. ಸಂಜೆಯೊಳಗೆ ಫೋನು ನಾಲ್ಕು ಸಲ ಬಡಿದುಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಬಗೆಯ ವ್ಯವಹಾರದಿಂದ ಲಾಭವೂ ಉಂಟು: ಆಳಂದದ ಮನೆಯ ಪಡಸಾಲೆಯಲ್ಲಿ ಕುಳಿತೇ ಕಲಬುರಗಿಯ ಬೆಲೆಯನ್ನೂ ಸೊಲ್ಲಾಪುರದ ಬೆಲೆಯನ್ನೂ ಹೋಲಿಸಿ ನೋಡಬಹುದು. ಮೊದಲು ಇದಕ್ಕಾಗಿ ಎರಡು ದಿನದ ಓಡಾಟ, ಬಸ್ ಚಾರ್ಜು, ಹೋಟೆಲಿನ ಊಟ ಬೇಕಾಗುತ್ತಿತ್ತು.

ಕಂಟಕವಿರುವುದು ಬೇರೆಡೆಯಲ್ಲಿ. ನಿಜವಾದ ತಾಣದ ಹೆಸರನ್ನೋ ಷೋರೂಮಿನ ಹೆಸರನ್ನೋ ಹೊದ್ದುಕೊಂಡು ಬರುವ ಮೂರನೆಯವನೊಬ್ಬನಿದ್ದಾನೆ. ಅವನ ಮಾತು ಬೆಣ್ಣೆ. "ಸರ್, ಒಂದೇ ಗಾಡಿ ಉಳಿದಿದೆ, ಸಂಜೆ ಆರರೊಳಗೆ ಐದು ಸಾವಿರ ಹಾಕಿದರೆ ನಿಮ್ಮ ಹೆಸರಿಗೆ ಹಿಡಿದಿಡುತ್ತೇನೆ, ಅರವತ್ತು ಸಾವಿರ ರಿಯಾಯಿತಿ" ಎನ್ನುತ್ತಾನೆ. ಮನೆಯ ಹಿರಿಯರು ಇಂತಹ ಮಾತಿಗೆ "ಮೊದಲ ಗಾಡಿ ಎಲ್ಲದ ತೋರಸ್ರಿ, ರೊಕ್ಕದ ಮಾತ ಆಮ್ಯಾಲ" ಎಂದು ಫೋನು ಕೆಳಗಿಟ್ಟರೆ ಮಕ್ಕಳು ಅವರನ್ನು ಹಳೆಯ ಕಾಲದವರೆಂದು ನಗುತ್ತಾರೆ. ಆದರೆ ಈ ವಿಷಯದಲ್ಲಿ ಹಿರಿಯರ ಮಾತೇ ಕಾನೂನಿಗೂ ವಿವೇಕಕ್ಕೂ ಹತ್ತಿರವಾದುದು.

ಅವನು ಹೇಳುವ ರಿಯಾಯಿತಿ ಎಲ್ಲಿಂದ ಹುಟ್ಟಬೇಕೆಂದು ಒಂದು ಕ್ಷಣ ಯೋಚಿಸಿದರೆ ಸಾಕು. ಹೊಸ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಕಾರ್ಖಾನೆಯದು, ಮತ್ತೊಂದು ದೊಡ್ಡ ಪಾಲು ಸರ್ಕಾರದ್ದು. ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತು. ನಾಲ್ಕು ಮೀಟರಿಗಿಂತ ಉದ್ದವಾದ ಕಾರುಗಳಿಗೆ ಶೇಕಡಾ ೪೦ ಗೊತ್ತಾಯಿತು. ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ ಕಾರಿನ ಬೆಲೆ ಏರಿದಂತೆ ಈ ತೆರಿಗೆಯ ಪ್ರಮಾಣವೂ ಏರುತ್ತದೆ. ಈ ತೆರಿಗೆಗಳಲ್ಲಿ ಒಂದು ರೂಪಾಯಿಯನ್ನಾದರೂ ಕಡಿಮೆ ಮಾಡುವ ಅಧಿಕಾರ ಯಾವ ದಲ್ಲಾಳಿಗೂ ಇಲ್ಲ. ಇಳಿಸಬಹುದಾದುದು ಕಾರ್ಖಾನೆಯೇ ಸಾರಿದ ರಿಯಾಯಿತಿ, ಷೋರೂಮಿನ ಲಾಭ, ವಿಮೆಯ ಕಂತು, ಸೀಟಿನ ಕವರು ಮುಂತಾದ ಅಲಂಕಾರಗಳ ಬೆಲೆ, ಹಳೆಯ ದಾಸ್ತಾನಿನ ಮೇಲಿನ ಕಡಿತ, ಇಷ್ಟರಲ್ಲಿಯೇ. ಇವುಗಳನ್ನು ಮೀರಿದ ಸೋವಿ ಬೆಲೆಯನ್ನು ಯಾರಾದರೂ ಹೇಳಿದರೆ, ಆ ಕಾರು ಎಲ್ಲಿಯೂ ಇಲ್ಲವೆಂದು ತಿಳಿಯಬಹುದು.

ಹಳೆಯ ದಾಸ್ತಾನಿನ ವಿಷಯ ಈ ಮೂರು ತಾಲ್ಲೂಕುಗಳವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ತೊಗರಿಯ ರಾಶಿಯಾಗಿ ಕೈಗೆ ಹಣ ಬರುವುದು ಡಿಸೆಂಬರ್, ಜನವರಿಗಳ ಸುಮಾರಿಗೆ. ಷೋರೂಮಿನವರು ಹಿಂದಿನ ವರ್ಷ ತಯಾರಾದ ಕಾರುಗಳನ್ನು ಹೇಗಾದರೂ ಸಾಗಹಾಕಬೇಕೆಂದು ತವಕಪಡುವುದೂ ಅದೇ ಋತುವಿನಲ್ಲಿ. ಕಡಿತ ನಿಜ, ಕಾರೂ ಹೊಸದೇ. ಆದರೆ ಮುಂದೆ ಮಾರುವ ದಿನ ಬಂದಾಗ ಕಾರಿನ ವಯಸ್ಸನ್ನು ಎಣಿಸುವುದು ತಯಾರಾದ ವರ್ಷದಿಂದ. ಜನವರಿಯಲ್ಲಿ ಕೊಂಡ ಕಾರು ಒಂದು ವಾರದಲ್ಲಿಯೇ ಒಂದು ವರ್ಷ ಹಳೆಯದಾಗಿಬಿಡುವುದು ಹೀಗೆ. ಮಾರಾಟದ ಪ್ರಮಾಣಪತ್ರವಾದ ಫಾರಂ ೨೧ರಲ್ಲಿ ತಯಾರಿಕೆಯ ತಿಂಗಳು, ವರ್ಷಗಳನ್ನು ನಮೂದಿಸಬೇಕು. ಆ ಸಾಲನ್ನು ಓದಿ, ಸಿಗುವ ಕಡಿತ ಆ ಒಂದು ವರ್ಷದ ನಷ್ಟವನ್ನು ತುಂಬುವುದೇ ಎಂದು ಲೆಕ್ಕ ಹಾಕಿ ಕೊಂಡರೆ ಅದು ಒಳ್ಳೆಯ ವ್ಯಾಪಾರವೇ. ಮುಚ್ಚಿಟ್ಟು ಮಾರಿದರೆ ಮಾತ್ರ ಅದು ಮೋಸ.

ಇನ್ನು ಹಣದ ಮಾತು. ಮಧ್ಯಸ್ಥ ಎಷ್ಟೇ ಒಳ್ಳೆಯವನಾಗಿರಲಿ, ಕಾರಿನ ಹಣ ಅವನ ಕೈಯನ್ನಾಗಲಿ ಅವನ ಖಾತೆಯನ್ನಾಗಲಿ ಮುಟ್ಟಬೇಕಾದ ಕಾರಣವೇ ಇಲ್ಲ. ಬೆಲೆಯ ಚೀಟಿಯನ್ನು ಅವನಿಂದ ಬರೆಯಿಸಿ ತರಿಸಿಕೊಳ್ಳಬಹುದು. ಹಣ ಮಾತ್ರ ಷೋರೂಮಿನ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು, ರಸೀದಿಯೂ ಅದೇ ಹೆಸರಿನಲ್ಲಿ ಬರಬೇಕು. ಯಾವ ಷೋರೂಮು ಅಧಿಕೃತವೆಂಬುದನ್ನು ಕಾರು ತಯಾರಿಸುವ ಕಂಪನಿಯ ಸ್ವಂತ ತಾಣದಲ್ಲಿಯೇ ನೋಡಿ, ಅಲ್ಲಿರುವ ನಂಬರಿಗೆ ತಾವೇ ಫೋನು ಮಾಡಿ, ಮಾತಾಡಿದವನು ಅಲ್ಲಿನ ನೌಕರನೇ ಎಂದು ಕೇಳಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಸಾಲ ತೆಗೆದು ಕೊಳ್ಳುವವರಿಗೆ ಒಂದು ಅನುಕೂಲವಿದೆ. ಬ್ಯಾಂಕಿನವರು ಸಾಲದ ಮೊತ್ತವನ್ನು ನೇರವಾಗಿ ಷೋರೂಮಿಗೇ ಕಳುಹಿಸುತ್ತಾರೆ. ಬೆಳೆಯ ಹಣವನ್ನು ನಗದಾಗಿ ಕಟ್ಟಿಕೊಂಡು ಹೋಗುವವರು, ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ೨೦೧೭ರಿಂದ ನಿಷೇಧಿಸಿರುವುದನ್ನು ತಿಳಿದಿರಬೇಕು. ಮುಂಗಡವನ್ನು ಫೋನಿನಲ್ಲಿ ಕಳುಹಿಸುವವರಿಗೆ ಇನ್ನೊಂದು ಎಚ್ಚರ: ಗುಪ್ತ ಪಿನ್ ಸಂಖ್ಯೆಯನ್ನು ಒತ್ತುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. "ಮುಂಗಡ ವಾಪಸು ಕಳಿಸುತ್ತೇನೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದವನು ಎರಡನೆಯ ಸಲ ದೋಚಲು ಬಂದಿರುತ್ತಾನೆ.

ವಿಮೆಯನ್ನು ಷೋರೂಮಿನಲ್ಲಿಯೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ಯಾವ ಕಂಪನಿಯಿಂದ ಪಡೆಯಬೇಕೆಂಬುದು ಕೊಳ್ಳುವವರ ಇಷ್ಟ. ಹೊರಗಿನ ದರವನ್ನು ವಿಚಾರಿಸಿಕೊಂಡು ಹೋದರೆ ಷೋರೂಮಿನ ದರವೂ ಅನೇಕ ಸಲ ತಾನಾಗಿಯೇ ಇಳಿಯುವುದುಂಟು.

ಕಾರನ್ನು ಮನೆಗೆ ತರುವ ದಿನ ಸಂಭ್ರಮದ ದಿನ. ನಿಂಬೆಹಣ್ಣು, ತೆಂಗಿನಕಾಯಿಗಳ ಬುಟ್ಟಿಯೊಡನೆ ಮನೆಮಂದಿಯೆಲ್ಲ ಹೊರಡುತ್ತಾರೆ. ಷೋರೂಮಿನಿಂದ ಶರಣಬಸವೇಶ್ವರರ ಗುಡಿಗೋ ಬಂದೇ ನವಾಜರ ದರ್ಗಾಕ್ಕೋ ಗಾಣಗಾಪುರಕ್ಕೋ ನೇರವಾಗಿ ಹೋಗಬೇಕೆಂಬ ಆತುರ. ಫೋಟೋ ತೆಗೆಯುವ ಸಡಗರದ ನಡುವೆಯೇ ಸಹಿಗಾಗಿ ಕಾಗದಗಳು ಮುಂದೆ ಬರುತ್ತವೆ. ಸಹಿಗೆ ಮೊದಲು ಹಗಲು ಬೆಳಕಿನಲ್ಲಿ ಕಾರನ್ನೊಮ್ಮೆ ಸುತ್ತಿಬರಬೇಕು. ಛಾಸಿಯ ಮೇಲೆ ಕೊರೆದ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿವೆಯೆ, ಓಡಿದ ಕಿಲೋಮೀಟರು ಎಷ್ಟು, ಬಣ್ಣ ಎಲ್ಲಿಯಾದರೂ ಮರುಬಳಿದಂತಿದೆಯೆ, ನಾಲ್ಕು ಟೈರುಗಳಲ್ಲದೆ ಐದನೆಯದೂ ಇದೆಯೆ ಎಂದು ನೋಡಲು ಅರ್ಧ ಗಂಟೆ ಹಿಡಿಯುತ್ತದೆ. ನೋಂದಣಿಯಾಗದೆ, ಕಡೆಯ ಪಕ್ಷ ತಾತ್ಕಾಲಿಕ ನೋಂದಣಿಯೂ ಇಲ್ಲದೆ ಕಾರನ್ನು ಗಿರಾಕಿಯ ವಶಕ್ಕೆ ಕೊಡುವುದು ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. "ನಂಬರು ಮುಂದಿನ ವಾರ ಬರುತ್ತದೆ, ಈಗ ಹೊರಡಿ" ಎಂಬ ಸಲಿಗೆಯ ಮಾತಿಗೆ ಒಪ್ಪಿ ರಸ್ತೆಗಿಳಿದರೆ, ದಾರಿಯಲ್ಲಾಗುವ ಅನಾಹುತಕ್ಕೆ ಉತ್ತರ ಹೇಳಬೇಕಾದವರು ಚಕ್ರ ಹಿಡಿದವರೇ.

ಹೊಸದು ದುಬಾರಿಯೆಂದು ಬಳಸಿದ ಕಾರಿನ ಕಡೆ ಮನಸ್ಸು ತಿರುಗಿಸುವವರೂ ಅನೇಕರು. ಆಳಂದ, ಅಫಜಲಪುರಗಳು ಗಡಿಯ ಸೀಮೆ. ಆಚೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ಹೀಗಾಗಿ ಕೆಎ ೩೨ ಎಂಬ ಕಲಬುರಗಿಯ ಸಂಖ್ಯೆಗಳ ಜೊತೆಗೆ ಎಂಎಚ್ ೧೩ ಎಂಬ ಸೊಲ್ಲಾಪುರದ ಸಂಖ್ಯೆಯ ಕಾರುಗಳೂ ಫೋನಿನ ಜಾಹೀರಾತುಗಳಲ್ಲಿ ಕಣ್ಣಿಗೆ ಬೀಳುತ್ತವೆ. ಬೆಲೆ ಸೋವಿಯೆಂದು ತೋರಿದರೂ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ ೨೮, ಬೇಕು. ಇಲ್ಲಿನ ತೆರಿಗೆ ಕಟ್ಟಬೇಕು. ಹೊರರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವವರು ಇಲ್ಲಿನ ಹೊಸ ಸಂಖ್ಯೆ ಪಡೆಯಬೇಕೆಂಬುದು ೧೯೮೮ರ ಕಾಯಿದೆಯ ವಿಧಿ. ಈ ಖರ್ಚನ್ನೆಲ್ಲ ಕೂಡಿಸಿದ ಮೇಲೆಯೇ ಸೋವಿ ಯಾವುದು, ದುಬಾರಿ ಯಾವುದು ಎಂದು ಹೇಳಬಹುದು. ಮಾರುವವನು ಸೈನಿಕ, ವರ್ಗವಾಗಿದೆ, ಕಾರು ದಂಡಿನ ಆವರಣದಲ್ಲಿದೆ, ಸಾಗಣೆಯ ವೆಚ್ಚ ಮೊದಲು ಕಳಿಸಬೇಕು ಎಂಬ ಕಥೆಯಂತೂ ದೇಶದ ಉದ್ದಗಲಕ್ಕೂ ಹರಡಿರುವ ವಂಚನೆ. ಸಮವಸ್ತ್ರದ ಮೇಲಿನ ಗೌರವವೇ ಅಲ್ಲಿ ಗಾಳದ ಹುಳು.

ಹೆಸರು ವರ್ಗಾವಣೆಯನ್ನು ನಾಳೆ ನಾಳೆ ಎಂದು ಮುಂದೂಡುವ ಅಭ್ಯಾಸ ಮಾರುವವರಿಗೇ ಹೆಚ್ಚು ಅಪಾಯಕಾರಿ. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿದ್ದ ಕಾರೊಂದು ಅಪಘಾತಕ್ಕೀಡಾದ ಮೊಕದ್ದಮೆಯಲ್ಲಿ, ಪರಿಹಾರ ಕೊಡಬೇಕಾದವರು ದಾಖಲೆಯಲ್ಲಿರುವ ಮಾಲೀಕರೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಕಾರು ಮಾರಿ ವರ್ಷವಾದ ಮೇಲೆ, ಯಾರೋ ಮಾಡಿದ ಅಪಘಾತಕ್ಕಾಗಿ ಹೊಲ ಮಾರಬೇಕಾಗಿ ಬಂದರೆ ಹೇಗಿದ್ದೀತು! ಫಾರಂ ೨೯, ೩೦ಗಳನ್ನು ಹಣ ಕೈಸೇರುವ ದಿನವೇ ತುಂಬಿ, ಸಾಲವಿದ್ದ ಕಾರಾದರೆ ಬ್ಯಾಂಕಿನ ಫಾರಂ ೩೫ನ್ನೂ ಲಗತ್ತಿಸಿ ಸಲ್ಲಿಸುವುದು ಎರಡೂ ಕಡೆಯವರಿಗೆ ಕ್ಷೇಮ. ಕೊಳ್ಳುವವರು ಸರ್ಕಾರದ ಪರಿವಾಹನ ತಾಣದಲ್ಲಿ ಕಾರಿನ ಸಂಖ್ಯೆ ಹಾಕಿ ನೋಂದಣಿ, ವಿಮೆ, ಬಾಕಿ ದಂಡಗಳನ್ನು ನೋಡಿಕೊಳ್ಳಬಹುದು.

ಹಳೆಯ ಕಾರಿನ ದಲ್ಲಾಳಿಗೂ ಈಗ ಕಾನೂನಿನ ಹಗ್ಗ ಬಿದ್ದಿದೆ. ೨೦೨೨ರ ಡಿಸೆಂಬರಿನಲ್ಲಿ ಹೊರಟು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳಂತೆ, ಬಳಸಿದ ಕಾರುಗಳ ವ್ಯಾಪಾರಿ ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕು. ಅಂತಹವನ ವಶಕ್ಕೆ ಕಾರನ್ನು ಒಪ್ಪಿಸಿ ಆ ಸಂಗತಿಯನ್ನು ಕಚೇರಿಗೆ ತಿಳಿಸಿದ ಮೇಲೆ, ಅದು ಮರುಮಾರಾಟವಾಗುವ ತನಕ ಅವನನ್ನೇ ಮಾಲೀಕನೆಂದು ಎಣಿಸಲಾಗುತ್ತದೆ. ಅಂತರ್ಜಾಲದಲ್ಲಿ ವ್ಯಾಪಾರ ನಡೆಸಲಿ, ಸಂತೆ ಬೀದಿಯಲ್ಲಿ ನಡೆಸಲಿ, "ನಿಮ್ಮ ಅಧಿಕಾರ ಪತ್ರ ತೋರಿಸಿರಿ" ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಇಷ್ಟೆಲ್ಲ ಎಚ್ಚರವಿದ್ದೂ ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರುವುದೇ ವಂಚಕನಿಗೆ ದೊಡ್ಡ ಬಲ. ಕೂಡಲೇ ೧೯೩೦ ಸಂಖ್ಯೆಗೆ ಫೋನು ಮಾಡಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಇಲ್ಲಿ ಗಂಟೆಗಂಟೆಯೂ ಮುಖ್ಯ. ವಂಚನೆಯಲ್ಲದೆ ಸೇವೆಯ ಲೋಪವಾದರೆ, ಅಂದರೆ ಹೇಳಿದ ಕಾರು ಬಾರದಿದ್ದರೆ ಅಥವಾ ಮುಂಗಡ ಹಿಂದಿರುಗದಿದ್ದರೆ, ಗ್ರಾಹಕರ ಸಹಾಯವಾಣಿ ೧೯೧೫ ಇದೆ. ೨೦೨೦ರ ನಿಯಮಗಳಂತೆ ಅಂತರ್ಜಾಲದ ವ್ಯಾಪಾರ ಸಂಸ್ಥೆಗಳು ತಮ್ಮ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರುಗಳನ್ನು ತಾಣದಲ್ಲಿ ಪ್ರಕಟಿಸಬೇಕು. ಇವು ಕಾಣದ ತಾಣದಲ್ಲಿ ವ್ಯವಹಾರವನ್ನೇ ಆರಂಭಿಸದಿರುವುದು ಲೇಸು. ಮೊದಲೆಲ್ಲ ದಿಲ್ಲಿಯ ಅಥವಾ ಮುಂಬಯಿಯ ಸಂಸ್ಥೆಯ ಮೇಲೆ ದೂರು ಹೂಡಲು ಅಲ್ಲಿಗೇ ಹೋಗಬೇಕಾದೀತೆಂಬ ಅಂಜಿಕೆಯಿತ್ತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸುವ ಹಕ್ಕನ್ನಿತ್ತಿದೆ. ಜೇವರ್ಗಿಯ ಗೃಹಸ್ಥರು ರಸೀದಿ, ಸಂದೇಶ, ಬ್ಯಾಂಕಿನ ಪಟ್ಟಿಗಳನ್ನು ಒಂದು ಕಡತದಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಿ ದೂರು ಕೊಟ್ಟು ಸಂಜೆಗೆ ಮನೆಗೆ ಮರಳಬಹುದು.