ಕೆಸರಿನ ಗುಳ್ಳೆ

ಯಡಿಯೂರು ಕೆರೆಯ ಸುತ್ತ ಬೆಳಗಿನ ವಾಕಿಂಗ್ ಹೊರಟಾಗ ಮೊಮ್ಮಗಳು ಒಂದು ಕಡೆ ನಿಂತೇಬಿಟ್ಟಳು. ದಡದ ಬಳಿ ನೀರಿನಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

“ತಾತ, ಕೆಳಗೆ ಮೀನು ಉಸಿರು ಬಿಡ್ತಿದೆಯಾ?”

ಮೀನಿನದೂ ಇರಬಹುದು. ಆದರೆ ಒಂದೇ ಜಾಗದಲ್ಲಿ ಬಿಟ್ಟು ಬಿಟ್ಟು ಏಳುತ್ತಿದ್ದರೆ ಅದು ಬಹುಶಃ ಕೆಸರಿನ ಗುಳ್ಳೆ.

ಮಕ್ಕಳೇ, ದಡದ ಮರದಿಂದ ಒಂದು ಎಲೆ ನೀರಿಗೆ ಬಿತ್ತು ಅಂದುಕೊಳ್ಳಿ. ಅದರಲ್ಲಿರುವ ಇಂಗಾಲವನ್ನು ಮರ ಗಾಳಿಯಿಂದಲೇ ತೆಗೆದುಕೊಂಡಿತ್ತು. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಸೂಕ್ಷ್ಮಜೀವಿಗಳು ಎಲೆಯನ್ನು ತಿಂದು, ನಮ್ಮ ಹಾಗೆಯೇ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಗಾಳಿಯ ಸಾಲ ಗಾಳಿಗೇ ಸಂದಾಯ.

ಆದರೆ ಕೆಸರಿನೊಳಗೆ ಸ್ವಲ್ಪ ಕೆಳಗಿಳಿದರೂ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿ ಬೇರೆ ಜೀವಿಗಳ ರಾಜ್ಯ. ಕೆಲವು ಎಲೆಯನ್ನು ಹುಳಿಸಿ ಒಡೆಯುತ್ತವೆ. ಉಳಿದದ್ದರಿಂದ ಇನ್ನು ಕೆಲವು ಮಿಥೇನ್ ಅನಿಲ ಮಾಡುತ್ತವೆ. ಗೋಬರ್ ಗ್ಯಾಸಿನಲ್ಲಿ ಕಾಫಿ ಕಾಯಿಸಿದ ಅಜ್ಜಿಯರಿಗೆ ಇದು ಗೊತ್ತಿರುವ ವಿದ್ಯೆಯೇ. (ಮೂಗು ಮುಚ್ಚಿಸುವ ಕೊಳೆತ ಮೊಟ್ಟೆಯ ವಾಸನೆ ಮಿಥೇನಿನದಲ್ಲ, ಹೈಡ್ರೋಜನ್ ಸಲ್ಫೈಡಿನದು. ಮಿಥೇನಿಗೆ ವಾಸನೆಯೇ ಇಲ್ಲ.)

1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜೋರೆ ಸರೋವರದಂಚಿನ ಕೆಸರನ್ನು ಕದಡಿ, ಎದ್ದ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದರು. ಆ ಅನಿಲ ಹೊತ್ತಿ ಉರಿಯಿತು. ಬ್ಯಾಟರಿಯ ಮೇಲೆ ಕಾಣುವ ‘ವೋಲ್ಟ್’ ಇವರ ಹೆಸರಿನಿಂದಲೇ ಬಂದದ್ದು. ನೀವು ಮಾತ್ರ ಕೆರೆಗೆ ಇಳಿಯಬೇಡಿ. ದಡದಿಂದ ನೋಡಿದರೆ ಸಾಕು.

ಕೆಸರಿನ ಮೇಲ್ಪದರದಲ್ಲಿ ಮಿಥೇನನ್ನೇ ತಿನ್ನುವ ಜೀವಿಗಳೂ ಇವೆ. ನಿಧಾನವಾಗಿ ಮೇಲೇರುವ ಅನಿಲದ ಬಹುಪಾಲು ಅವುಗಳ ಬಾಯಿಗೆ ಬೀಳುತ್ತದೆ. ಆದರೆ ಅವಕ್ಕೂ ಆಮ್ಲಜನಕ ಬೇಕು. ಚರಂಡಿ ನೀರು, ಕೊಳೆತ ಹೂವು, ಹಳಸಿದ ಅನ್ನ ಸೇರಿದಷ್ಟೂ ಆಮ್ಲಜನಕ ಖರ್ಚಾಗುತ್ತದೆ, ಮೀನುಗಳೂ ಸಾಯುತ್ತವೆ. ಗುಳ್ಳೆಯಾಗಿ ಚಿಮ್ಮಿದ ಅನಿಲವಂತೂ ಯಾರ ಬಾಯಿಗೂ ಸಿಗದು. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ನಮ್ಮ ಬೆಂಗಳೂರಿನಲ್ಲೇ, ಚರಂಡಿ ನೀರು ತುಂಬಿದ್ದ ಬೆಳ್ಳಂದೂರು ಕೆರೆಗೆ 2015, 2017 ಮತ್ತು 2018ರಲ್ಲಿ ಬೆಂಕಿ ಬಿತ್ತು. ದಡದ ಕಸ, ಒಣಹುಲ್ಲಿನ ಜೊತೆಗೆ ತಳದಿಂದೆದ್ದ ಮಿಥೇನಿನ ಮೇಲೂ ವಿಜ್ಞಾನಿಗಳು ಬೊಟ್ಟು ಮಾಡಿದರು. ಯಡಿಯೂರಿನಲ್ಲಿ ಗಣೇಶನನ್ನು ಬಿಡುವುದಕ್ಕೆ ಬೇರೆ ಕಲ್ಯಾಣಿ ಇರುವುದು ಎಷ್ಟು ಒಳ್ಳೆಯದೆಂದು ಆಗ ನನಗೆ ಅನ್ನಿಸಿತು.

ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಊರ ಕೆರೆ ಒಣಗಿದರೆ ಗಾಡಿ ಕಟ್ಟಿ ಗೋಡು ತುಂಬಿ ರಾಗಿ ಹೊಲಕ್ಕೆ ಹೊಡೆಯುತ್ತಿದ್ದರು. ತಳ ಬರಿದಾಗುತ್ತಿತ್ತು, ಅದಕ್ಕೆ ಗಾಳಿ ಬಿಸಿಲು ತಾಗುತ್ತಿತ್ತು. ಇದನ್ನು ಹೇಳಿದಾಗ ಮೊಮ್ಮಗಳು, “ಹಾಗಾದ್ರೆ ಕೆರೆಗೆ ಬಿದ್ದ ಎಲೆಯೇ ಮುದ್ದೆ ಆಗ್ತಿತ್ತಾ?” ಅಂದಳು. ಮುದ್ದೆಯ ಇಂಗಾಲವೂ ಗಾಳಿಯಿಂದಲೇ ಬರುವುದು, ಗೋಡು ಕೊಡುವುದು ಪೈರಿಗೆ ಬೇಕಾದ ಸಾರ ಎಂದು ವಿವರಿಸುವಷ್ಟರಲ್ಲಿ ಅವಳು ಮತ್ತೆ ಗುಳ್ಳೆ ಎಣಿಸಲು ಓಡಿದ್ದಳು.